ಮಂಗಳ ದೊಡ್ಡದು, ಬುಧ ಚಿಕ್ಕದು, ತೂಕ ಮಾತ್ರ ಒಂದೇ!

ಪ್ರಶ್ನೆ: ನಮ್ಮೂರಿನ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ನೂರು ಕೆ.ಜಿ. ತೂಗಿದ ಬೇಲ್ ಮಂಗಳ ಗ್ರಹದಲ್ಲಿ ಎಷ್ಟು ತೂಗೀತು? ಮಗಳ ಪುಸ್ತಕದಲ್ಲಿ ಬುಧ, ಮಂಗಳ ಎರಡಕ್ಕೂ ಗುರುತ್ವ 3.7 ಎಂದೇ ಹಾಕಿದ್ದಾರೆ. ಮಂಗಳ ಬುಧನಿಗಿಂತ ದೊಡ್ಡದಲ್ಲವೇ? ಇದು ಅಚ್ಚಿನ ತಪ್ಪೇ?
– ಓದುಗರು, ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು

ಉತ್ತರ: ಅಚ್ಚಿನ ತಪ್ಪಲ್ಲ, ಪುಸ್ತಕ ಸರಿಯಾಗಿದೆ. ಕೈಬಿಟ್ಟ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಎಷ್ಟು ಮೀಟರಿನಷ್ಟು ಏರುತ್ತದೆ ಎಂಬುದೇ ಆ 3.7. ಭೂಮಿಯಲ್ಲಿ ಅದು 9.8. ಹಾಗಾಗಿ ನಿಮ್ಮ ಬೇಲ್ ಮಂಗಳದಲ್ಲೂ ಬುಧದಲ್ಲೂ ಸುಮಾರು 38 ಕೆ.ಜಿ. ತೋರಿಸುತ್ತದೆ. ಯಾವ ತಕ್ಕಡಿ ಎಂಬ ತಕರಾರೊಂದಿದೆ, ಅದಕ್ಕೆ ಆಮೇಲೆ ಬರೋಣ.

ಗ್ರಹದ ನೆಲದ ಮೇಲಿನ ಸೆಳೆತವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಗ್ರಹದಲ್ಲಿ ಒಟ್ಟು ಎಷ್ಟು ದ್ರವ್ಯ ಇದೆ ಎಂಬುದು ಒಂದು. ಅದರ ನಡುಬಿಂದುವಿನಿಂದ ನಾವು ಎಷ್ಟು ದೂರದಲ್ಲಿ ನಿಂತಿದ್ದೇವೆ ಎಂಬುದು ಇನ್ನೊಂದು. ದ್ರವ್ಯ ಇಮ್ಮಡಿಯಾದರೆ ಸೆಳೆತವೂ ಇಮ್ಮಡಿ. ದೂರ ಇಮ್ಮಡಿಯಾದರೆ ಮಾತ್ರ ಸೆಳೆತ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಈಗ ನಿಮ್ಮ ಎರಡು ಗ್ರಹಗಳನ್ನು ನೋಡಿ. ಮಂಗಳದಲ್ಲಿ ಬುಧನಿಗಿಂತ 1.94 ಪಟ್ಟು ದ್ರವ್ಯವಿದೆ. ಮಂಗಳದ ತ್ರಿಜ್ಯ 3,390 ಕಿ.ಮೀ., ಬುಧನದು 2,440 ಕಿ.ಮೀ., ಅಂದರೆ 1.39 ಪಟ್ಟು. ಅದರ ವರ್ಗ 1.93. ದ್ರವ್ಯದಿಂದ ಗಳಿಸಿದ್ದನ್ನೆಲ್ಲ ಮಂಗಳ ತನ್ನ ಗಾತ್ರದಿಂದಲೇ ಕಳೆದುಕೊಂಡಿತು. ಇದರ ಹಿಂದೆ ಯಾವ ನಿಯಮವೂ ಇಲ್ಲ, ಬರೀ ಕಾಕತಾಳೀಯ.

ಬುಧ ಅಷ್ಟು ಚಿಕ್ಕದಾಗಿಯೂ ಹೀಗೆ ಸರಿಗಟ್ಟುವುದು ಅದರ ಹೊಟ್ಟೆಯಲ್ಲಿರುವ ಕಬ್ಬಿಣದಿಂದ. ಅದರ ತಿರುಳಿನ ತ್ರಿಜ್ಯ ಇಡೀ ಗ್ರಹದ ತ್ರಿಜ್ಯದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು. ಮೇಲಿರುವುದು ತೆಳು ಕಲ್ಲಿನ ಹೊದಿಕೆ ಅಷ್ಟೆ. ಶನಿಯದು ಇದಕ್ಕೆ ತದ್ವಿರುದ್ಧ ಕಥೆ. ಭೂಮಿಯ 95 ಪಟ್ಟು ದ್ರವ್ಯವಿದ್ದರೂ ಮೈ ಅಷ್ಟು ಉಬ್ಬಿರುವುದರಿಂದ ಅದರ ಮೋಡಗಳ ಮೇಲೆ ನಮ್ಮ ತೂಕ ಹೆಚ್ಚುಕಮ್ಮಿ ಇಲ್ಲಿನಷ್ಟೇ. ಯುರೇನಸ್‌ನಲ್ಲೂ ಶುಕ್ರದಲ್ಲೂ ನಿಮ್ಮ ಬೇಲ್ 90 ಕೆ.ಜಿ. ಆಸುಪಾಸು. ಗುರುಗ್ರಹದಲ್ಲಿ ಮಾತ್ರ ಎರಡೂವರೆ ಪಟ್ಟು, 250 ಕೆ.ಜಿ. ದಾಟುತ್ತದೆ. ಅಲ್ಲಿ ಬೇಲ್ ಇಳಿಸಲು ನೆಲವೇ ಇಲ್ಲ ಎಂಬುದು ಬೇರೆ ಮಾತು.

ಹೋಗಿ ತೂಗದೆ ಇದೆಲ್ಲ ಹೇಗೆ ಗೊತ್ತು ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಗ್ರಹವನ್ನು ಸುತ್ತುವ ಏನಾದರೊಂದು ಸಿಕ್ಕರೆ ಸಾಕು, ಅದರ ದೂರ ಮತ್ತು ಸುತ್ತಿನ ಅವಧಿಯಿಂದ ಸೆಳೆತ ತಿಳಿಯುತ್ತದೆ. ಮಂಗಳಕ್ಕೆ ಎರಡು ಚಂದ್ರರಿರುವುದು 1877ರಲ್ಲೇ ಕಂಡಿತ್ತು. ಬುಧನಿಗೆ ಚಂದ್ರನೇ ಇಲ್ಲ. ಅದರ ನಿಖರ ಲೆಕ್ಕಕ್ಕೆ 1974ರಲ್ಲಿ ಮ್ಯಾರಿನರ್-10 ನೌಕೆ ಅದರ ಪಕ್ಕದಲ್ಲಿ ಹಾದುಹೋಗುವವರೆಗೆ ಕಾಯಬೇಕಾಯಿತು.

ಮಂಗಳದ ಲೆಕ್ಕವನ್ನು ನಮ್ಮದೇ ನೌಕೆಯಿಂದ ಮಾಡಬಹುದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿತು. ಪೀಣ್ಯದ ಇಸ್ಟ್ರಾಕ್ ಕೇಂದ್ರ ಅದನ್ನು ನಿಯಂತ್ರಿಸುತ್ತಿತ್ತು, ಬೆಂಗಳೂರಿನ ಹೊರಗಿನ ಬ್ಯಾಲಾಳಿನ ದೊಡ್ಡ ಆಂಟೆನಾ ಅದರ ಸದ್ದು ಆಲಿಸುತ್ತಿತ್ತು. ಆಗ ಇಸ್ರೊ ಪ್ರಕಟಿಸಿದ ಅಂಕಿಗಳಿವು: ಮಂಗಳದ ನೆಲದಿಂದ ಅತಿ ಹತ್ತಿರ 421.7 ಕಿ.ಮೀ., ಅತಿ ದೂರ 76,993.6 ಕಿ.ಮೀ., ಒಂದು ಸುತ್ತಿಗೆ 72 ಗಂಟೆ 51 ನಿಮಿಷ 51 ಸೆಕೆಂಡು. ಮಗಳ ಕೈಗೆ ಕ್ಯಾಲ್ಕುಲೇಟರ್ ಕೊಡಿ. ಎರಡು ದೂರಗಳ ಸರಾಸರಿಗೆ ಮಂಗಳದ ಸಮಭಾಜಕದ ತ್ರಿಜ್ಯ 3,396 ಸೇರಿಸಿದರೆ 42,104 ಕಿ.ಮೀ. ಅದನ್ನು ಘನ ಮಾಡಿ 39.48ರಿಂದ (ಅದು ಪೈ ವರ್ಗದ ನಾಲ್ಕು ಪಟ್ಟು) ಗುಣಿಸಲಿ. ಸುತ್ತಿನ ಅವಧಿ 2,62,311 ಸೆಕೆಂಡು. ಅದರ ವರ್ಗದಿಂದ ಭಾಗಿಸಲಿ. ಬಂದದ್ದನ್ನು 3,396ರ ವರ್ಗದಿಂದ ಮತ್ತೊಮ್ಮೆ ಭಾಗಿಸಿದರೆ 0.00371 ಕಿಲೋಮೀಟರ್, ಅಂದರೆ 3.71 ಮೀಟರ್. ಪುಸ್ತಕದ ಅಂಕಿ ಬಂತಲ್ಲ! ಮಂಗಳದ ದ್ರವ್ಯರಾಶಿ ಎಷ್ಟೆಂದು ಎಲ್ಲೂ ಕೇಳಿಕೊಳ್ಳದೆಯೇ ಉತ್ತರ ಸಿಕ್ಕಿತು ಎಂಬುದು ನನಗೆ ಇವತ್ತಿಗೂ ಸೋಜಿಗ.

ಇನ್ನು ತಕ್ಕಡಿಯ ತಕರಾರು. ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಡೆ ಬೇಲ್, ಇನ್ನೊಂದು ಕಡೆ ಬಟ್ಟು ಇಟ್ಟರೆ ಮಂಗಳದಲ್ಲೂ ನೂರು ಕೆ.ಜಿ.ಯೇ. ಸೆಳೆತ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿರುತ್ತದಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಇರುವುದು ಒಂದು ಲೋಹದ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗನ್ನೇ ಯಂತ್ರ ಕೆ.ಜಿ. ಎಂದು ಓದುತ್ತದೆ. ಆದ್ದರಿಂದ 38 ತೋರಿಸುವುದು ಇದು.

ತೂಕ ಇಳಿದರೂ ವಸ್ತುವಿನ ಜಡತೆ ಇಳಿಯುವುದಿಲ್ಲ, ಎಚ್ಚರ. ಚಂದ್ರನ ಮೇಲೆ ಆ ಬೇಲ್ 16–17 ಕೆ.ಜಿ.ಯಷ್ಟು ಹಗುರ, ಒಬ್ಬರೇ ಎತ್ತಬಹುದು. ಆದರೆ ಓಡಿಸಿಕೊಂಡು ಬಂದು ಅದನ್ನು ತಟ್ಟನೆ ನಿಲ್ಲಿಸಲು ಹೋದರೆ ನೂರು ಕೆ.ಜಿ.ಯ ಹೊಡೆತವೇ ಬೀಳುತ್ತದೆ. ಚಂದ್ರಯಾನದ ಎಂಜಿನಿಯರುಗಳಿಗೆ ಈ ಎರಡು ಲೆಕ್ಕವೂ ಬೇಕಿತ್ತು. 26 ಕೆ.ಜಿ.ಯ ಪ್ರಜ್ಞಾನ್ ಬಂಡಿ ಅಲ್ಲಿ ನಾಲ್ಕು ಕೆ.ಜಿ. ಚಿಲ್ಲರೆಯಷ್ಟೇ ನೆಲ ಒತ್ತುತ್ತದೆ, ಚಕ್ರ ಮಣ್ಣು ಹಿಡಿಯಬೇಕಾದದ್ದು ಅಷ್ಟರಲ್ಲೇ. ಅದಕ್ಕೇ ಚಂದ್ರಯಾನ-2ರ ತಯಾರಿಯಲ್ಲಿ ಸೇಲಂ ಕಡೆಯ ಅನಾರ್ಥೊಸೈಟ್ ಕಲ್ಲನ್ನು ಪುಡಿಮಾಡಿ ಬೆಂಗಳೂರಿಗೆ ತಂದು ಹಾಸಿ, ಬಂಡಿಗೆ ಹೀಲಿಯಂ ಬಲೂನು ಕಟ್ಟಿ ಭಾರ ಇಳಿಸಿ ಓಡಿಸಿ ನೋಡಿದರು. ಎತ್ತುವಾಗ ತೂಕ, ಸರಿಸಿ ನಿಲ್ಲಿಸುವಾಗ ಜಡತೆ, ಈ ಎರಡೂ ಲೆಕ್ಕ ಇಳಿಯುವ ನೌಕೆಗೂ ಬೇಕು: ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದ ಮೇಲೆ ಸೆಪ್ಟೆಂಬರ್ 3ರಂದು ಮತ್ತೆ ಎಂಜಿನ್ ಹೊತ್ತಿಸಿಕೊಂಡು ಸುಮಾರು 40 ಸೆಂ.ಮೀ. ಮೇಲೆದ್ದು, ಅಷ್ಟೇ ಸುಮಾರು ದೂರ ಸರಿದು ಕುಳಿತಿತು.

ಭೂಮಿಯಲ್ಲಾದರೂ ಗುರುತ್ವ ಎಲ್ಲೆಡೆ ಒಂದೇ ಎಂದುಕೊಳ್ಳಬೇಡಿ. ಭೂಮಿ ನಡುವೆ ಉಬ್ಬಿದೆ, ಜೊತೆಗೆ ತಿರುಗುತ್ತಿದೆ. ಹಾಗಾಗಿ ಸಮಭಾಜಕದಲ್ಲಿ 9.78, ಧ್ರುವಗಳಲ್ಲಿ 9.83. ಹುಣಸೂರಿನ ಸೀಮೆಯಲ್ಲೂ 9.78ರ ಆಸುಪಾಸೇ. ಇಲ್ಲಿ ಸರಿಮಾಡಿಟ್ಟ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೇ ಧ್ರುವಕ್ಕೆ ಒಯ್ದರೆ ನೂರು ಕೆ.ಜಿ.ಗೆ ಅರ್ಧ ಕೆ.ಜಿ. ಹೆಚ್ಚು ತೋರಿಸುತ್ತದೆ. ಎಲ್ಲಿ ಬಳಸುತ್ತೀರೋ ಅಲ್ಲೇ ಪ್ರಮಾಣಿತ ಬಟ್ಟು ಇಟ್ಟು ಪರೀಕ್ಷಿಸಿದರೆ ಆ ವ್ಯತ್ಯಾಸ ಅಲ್ಲಿಗೇ ಮುಗಿಯುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಟ್ಟು ಹಿಡಿದು ಬಂದು ತಕ್ಕಡಿ ನೋಡಿ ಮುದ್ರೆ ಹಾಕುವುದರಿಂದ ಈ ಲಾಭವೂ ಇದೆ.

ಭೂಮಿಯಲ್ಲಿ ಗುರುತ್ವ ಅತಿ ವಿಚಿತ್ರವಾಗಿ ತಗ್ಗಿರುವ ಜಾಗವೂ ನಮಗೆ ದೂರವಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸೆಳೆತ ಕಡಿಮೆಯಿದ್ದು, ಅಲ್ಲಿ ಸಮುದ್ರದ ಮಟ್ಟ ಲೆಕ್ಕದಂತೆ ಇರಬೇಕಾದುದಕ್ಕಿಂತ ಸುಮಾರು 106 ಮೀಟರ್ ತಗ್ಗಿನಲ್ಲಿದೆ. ನೀರು ಬೇರೆ ಕಡೆಯ ಹೆಚ್ಚಿನ ಸೆಳೆತಕ್ಕೆ ಒಲಿದು ಸರಿದಿರುತ್ತದೆ. ಹಡಗಿನಲ್ಲಿ ಹೋದವರಿಗೆ ಇಳಿಜಾರು ಗೊತ್ತೂ ಆಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಇದಕ್ಕೊಂದು ಕಾರಣ ಕೊಟ್ಟರು. ಭಾರತದ ನೆಲ ಉತ್ತರಕ್ಕೆ ಸರಿದು ಬರುವಾಗ ಟೆಥಿಸ್ ಎಂಬ ಹಳೆಯ ಸಾಗರದ ತಳ ಭೂಮಿಯ ಆಳಕ್ಕೆ ಮುಳುಗಿತು. ಅದು ಆಫ್ರಿಕಾದ ಅಡಿಯಲ್ಲಿದ್ದ ಬಿಸಿ ಶಿಲಾರಾಶಿಯನ್ನು ಕಲಕಿತು. ಅಲ್ಲಿಂದ ಎದ್ದ ಬಿಸಿಯಾದ, ಹಗುರ ಬಂಡೆಯ ಪ್ರವಾಹ ನಮ್ಮ ದಕ್ಷಿಣದ ಕಡಲಿನ ಕೆಳಗೆ ಬಂದು ಹರಡಿಕೊಂಡಿದೆ. ಹಗುರ ಕಲ್ಲು ಇದ್ದಲ್ಲಿ ಸೆಳೆತವೂ ಕಡಿಮೆ.