ಗದ್ದೆಯಲ್ಲಿ ಕಾಳು ಎರಚುವ ಮುಂಚೆ

ಮಂಡ್ಯ ಜಿಲ್ಲೆಯ ಕೊತ್ತತ್ತಿ ಸುತ್ತ ಭತ್ತದ ಕುಯ್ಲು ಶುರುವಾಗುವ ಹೊತ್ತಿಗೆ ಕೆರೆಗೆ ಬಾತುಗಳೂ ಬಂದಿಳಿಯುತ್ತವೆ. ಕೂಳೆ ಗದ್ದೆಯಲ್ಲಿ ಉದುರಿದ ಕಾಳು, ತೇವದಲ್ಲಿ ಹುಳ, ಬಸವನಹುಳು, ಹೀಗೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಹರಿಯುವ ಈ ಬಯಲಲ್ಲಿ ಅವುಗಳಿಗೆ ಬೇಕಾದ್ದೆಲ್ಲ ಉಂಟು. "ಒಂದಿಷ್ಟು ಭತ್ತ ಎರಚಿ ಬಲೆ ಹಾಸಿದ್ರೆ ಏನಾಯ್ತು ತಾತ, ನಮ್ಮ ಗದ್ದೆ ತಾನೆ?" ಎಂದು ಮೊಮ್ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

• 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವಿಷ ಇಡುವುದು, ಉರುಳು ಹಾಕುವುದು, ಬಲೆ ಕಟ್ಟುವುದು, ಅಟ್ಟುವುದು, ಆಮಿಷ ಒಡ್ಡುವುದು, ಎಲ್ಲವೂ ಬೇಟೆಯೇ. ಪ್ರಯತ್ನ ಮಾಡಿದರೂ ಬೇಟೆಯೇ. ಹಕ್ಕಿ ಹಾರಿಹೋಯಿತು, ಕೈಗೆ ಏನೂ ಸಿಗಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

• ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಗದ್ದೆಗೆ ಇಳಿದ ಬಾತನ್ನೋ ಕೊಕ್ಕರೆಯನ್ನೋ ಹಿಡಿಯುವ ಅಧಿಕಾರ ಬರುವುದಿಲ್ಲ.

• ಹಾಗೆಂದು ಹೆದರಬೇಡಿ. ಕುಯ್ಲಿನ ಮೆಷಿನ್ ಓಡಿದಾಗ, ಕಣದಲ್ಲಿ ತೂರಿದಾಗ ಉದುರಿದ ಕಾಳು ಆಮಿಷವಲ್ಲ, ಅದು ಬೇಸಾಯ. ಹಕ್ಕಿಯನ್ನು ಹಿಡಿಯಲೆಂದೇ ಕಾಳು ಚೆಲ್ಲಿದರೆ, ಗಾಳಕ್ಕೆ ಮೀನು ಸಿಕ್ಕಿಸಿ ಬೆಳ್ಳಕ್ಕಿಗೆ ಇಟ್ಟರೆ, ಅದು ಅಪರಾಧ.

• ಅಮೆರಿಕದಲ್ಲಿ ಲೈಸೆನ್ಸ್ ತೆಗೆದುಕೊಂಡು ಹಂಗಾಮಿನಲ್ಲಿ ಬಾತು ಹೊಡೆಯುತ್ತಾರಂತೆ ಎಂದು ವಾದಿಸುವವರಿದ್ದಾರೆ. ನಿಜ. ಆದರೆ ಅಲ್ಲೂ ಕುಯ್ಲಾದ ಹೊಲದಲ್ಲಿ ಬೇಟೆಯಾಡಬೇಕಾದರೆ ಕಾಳು ರೂಢಿಯ ಕುಯ್ಲಿನಲ್ಲಿ ಉದುರಿದ್ದಾಗಿರಬೇಕು. ಕಾಳು ತಂದು ಸುರಿದಿದ್ದರೆ, ಅದನ್ನು ಪೂರ್ತಿ ತೆಗೆದ ಮೇಲೂ 10 ದಿನ ಆ ಜಾಗದಲ್ಲಿ ಬೇಟೆಯಾಡುವಂತಿಲ್ಲ. ಬೇಟೆಗೆ ಅನುಮತಿ ಇರುವ ನಾಡಲ್ಲೇ ಕಾಳು ಎರಚುವುದನ್ನು ಮೋಸವೆಂದು ತಿಳಿಯುತ್ತಾರೆ. ನಮ್ಮಲ್ಲಂತೂ ಬಾತಿನ ಬೇಟೆಗೆ ಹಂಗಾಮೂ ಇಲ್ಲ, ಲೈಸೆನ್ಸೂ ಇಲ್ಲ.

• ವಿಷದ ಕಾಳಿನ ವಿಷಯದಲ್ಲಿ ನನ್ನ ಮಾತು ಗಟ್ಟಿಯಾಗಿ ಕೇಳಿ. ನಾನು ಹುಡುಗನಾಗಿದ್ದಾಗ ಯಾರೋ ಬದುವಿನ ಮೇಲೆ ಗುಳಿಗೆ ಔಷಧಿ ಬೆರೆಸಿದ ಭತ್ತ ಎರಚಿದ್ದರು. ಬೆಳಗಾಗುವುದರೊಳಗೆ ಬಾತುಗಳ ಜೊತೆ ನಮ್ಮ ಮನೆಯ ಕೋಳಿಗಳೂ ಕಾಲು ಚಾಚಿ ಬಿದ್ದಿದ್ದವು. ಸತ್ತದ್ದನ್ನು ಎಳೆದಾಡಿದ ನಾಯಿಯೂ ಉಳಿಯಲಿಲ್ಲ. ಅವ್ವ ಆ ಕೋಳಿಗಳನ್ನು ಗುಂಡಿ ತೋಡಿ ಹೂಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗದ್ದೆಯಲ್ಲಿ ಸತ್ತು ಬಿದ್ದ ಹಕ್ಕಿಯನ್ನು ಯಾವ ಕಾರಣಕ್ಕೂ ಸಾರಿಗೆ ತರಬೇಡಿ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬೇಡಿ. ಮಕ್ಕಳನ್ನು ಮುಟ್ಟಗೊಡಬೇಡಿ.

• ಇಲಿ ಪಾಷಾಣ ಇಡಲೇಬೇಕಾದರೆ ಬದುವಿನ ಮೇಲೆ ಬಿಡಬೇಡಿ. ಇಲಿ ಓಡಾಡುವ ಬಿಲದ ಒಳಕ್ಕೆ ತಳ್ಳಿ, ಬಾಯಿ ಮಣ್ಣಿಂದ ಮುಚ್ಚಿ. ಸತ್ತ ಇಲಿಗಳನ್ನು ಆರಿಸಿ ಹೂಳಿ, ಇಲ್ಲದಿದ್ದರೆ ಗೂಬೆ, ಹದ್ದು ಅವನ್ನು ತಿಂದು ಸಾಯುತ್ತವೆ. ರಾತ್ರಿಯೆಲ್ಲ ಇಲಿ ಹಿಡಿಯುವ ಗೂಬೆಯನ್ನು ಕಳೆದುಕೊಂಡರೆ ನಷ್ಟ ನಮಗೇ.

• ಜಂಬುಕೋಳಿ ಪೈರು ತುಳಿಯುತ್ತದೆ, ಒಟ್ಲಿನ ಮೊಳಕೆ ಕಾಳನ್ನು ಹಕ್ಕಿಗಳು ಹೆಕ್ಕುತ್ತವೆ. ರೈತನ ಸಂಕಟ ನನಗೆ ಗೊತ್ತು. ಒಟ್ಲಿನ ಮೇಲೆ ಮೊದಲ ದಿನಗಳಲ್ಲಿ ಹುಲ್ಲು ಹೊದಿಸಿ. ಬೆರ್ಚಪ್ಪನನ್ನು ನಿಲ್ಲಿಸಿ, ಆದರೆ ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ಹೊಳೆಯುವ ಪಟ್ಟಿ ಕಟ್ಟಿ, ತಗಡಿನ ಡಬ್ಬ ಬಡಿಯಿರಿ. ಹಕ್ಕಿಗೆ ನೋವಾಗದಂತೆ ಓಡಿಸಿದರೆ ಸಾಕು.

• ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕಿನಿಂದಲೂ ಹಕ್ಕಿ ಹೊಡೆಯುವಂತಿಲ್ಲ.

• ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಕೂಡ ಕಾಯ್ದೆಯ ಪ್ರಕಾರ ಬೇಟೆ. ಕಬ್ಬು ಕಡಿಯುವಾಗ, ಜೊಂಡು ಸವರುವಾಗ ಹುಂಡುಕೋಳಿಯ ಗೂಡು ಕಂಡರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗಿ.

• 2022ರ ತಿದ್ದುಪಡಿಯ ನಂತರ ದಂಡ 1 ಲಕ್ಷ ರೂಪಾಯಿವರೆಗೆ, ಜೈಲು 3 ವರ್ಷದವರೆಗೆ. ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಜೀವಿಯಾದರೆ 3ರಿಂದ 7 ವರ್ಷ. ಬಲೆಯ ಜೊತೆ ಬೈಕೂ ಹೋಗುತ್ತದೆ. ಒಂದು ಹಿಡಿ ಬಾತಿನ ಮಾಂಸಕ್ಕೆ ಓದುವ ಹುಡುಗ ಕೋರ್ಟಿಗೆ ಅಲೆಯಬೇಕೇ?

• ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಮಗಳಂತೆ ಆ ಊರಿನವರು ಅವುಗಳನ್ನು ನೋಡುತ್ತಾರೆ. ಹಿಕ್ಕೆ ಬೆರೆತ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡವರು ಅವರು. ಆ ಜಾಗ 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹಕ್ಕಿ ಮೇವಿಗೆ ಸುತ್ತಲ ಕೆರೆಗಳಿಗೆ ಹಾರುತ್ತದೆ. ಅಲ್ಲಿ ಯಾರೋ ಬಲೆ ಹಾಕಿದ್ದರೆ ಗೂಡಿನಲ್ಲಿರುವ ಮರಿಗಳೂ ಹಸಿದು ಸಾಯುತ್ತವೆ.

• ಬಲೆಯೋ ವಿಷವೋ ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ. ಜಾಗ, ಹೊತ್ತು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ, ಇಲ್ಲವೇ 112ಕ್ಕೆ ಫೋನ್ ಮಾಡಿ.

ಈ ಸಲದ ಕುಯ್ಲಿನಲ್ಲಿ ಯಾರಾದರೂ ಚೀಲದಲ್ಲಿ ಬಲೆ ತುಂಬಿಕೊಂಡು ನಿಮ್ಮ ಗದ್ದೆಗೆ ಬಂದರೆ, "ಇಲ್ಲಿ ಬೇಡ ಕಣಪ್ಪ" ಎಂದು ಹೇಳಿ ವಾಪಸ್ ಕಳಿಸಿ.