ಗ್ರಾಮಗಳಿಗೆ ಟೆಲಿಫೋನು ಸೌಕರ್ಯ

ದವಸವನ್ನು ಗಾಡಿಗೆ ಹೇರುವುದಕ್ಕೆ ಮುಂಚೆಯೇ ಪೇಟೆಯ ಧಾರಣೆಯನ್ನು ತಿಳಿದುಕೊಂಡ ರೈತನು, ಮಾಲನ್ನು ಈ ದಿನ ಸಾಗಿಸತಕ್ಕದ್ದೋ ಇರಿಸಿಕೊಳ್ಳತಕ್ಕದ್ದೋ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಬಲ್ಲನು. ಅದನ್ನರಿಯದೆ ಮಂಡಿಗೆ ಹೋದವನು, ಮಾಲನ್ನು ಹಿಂದಕ್ಕೆ ತರುವ ಬಾಡಿಗೆಗೆ ಹೆದರಿ, ದಲ್ಲಾಳಿಯು ಹೇಳಿದ ಬೆಲೆಗೆ ಒಪ್ಪಬೇಕಾಗುತ್ತದೆ. ಆದುದರಿಂದ ಟೆಲಿಫೋನು ಶ್ರೀಮಂತರ ಭೋಗವಸ್ತುವೆಂಬ ಭಾವನೆಯು ಸರಿಯಾದುದಲ್ಲ. ಬೇಸಾಯಗಾರನಿಗೆ ಅದೂ ನೇಗಿಲಿನಂತೆ ಒಂದು ಉಪಕರಣವೇ ಸರಿ.

ಹೀಗಿದ್ದಾಗ್ಯೂ ಈ ಸೌಕರ್ಯವು ಬಹುಕಾಲ ಹಳ್ಳಿಗಳಿಗೆ ದೊರೆಯದಿದ್ದುದಕ್ಕೆ ಯಂತ್ರವೂ ಒಂದು ಕಾರಣವಾಗಿದ್ದಿತು. ಪರದೇಶಗಳಿಂದ ಬರುತ್ತಿದ್ದ ಎಕ್ಸ್‌ಚೇಂಜುಗಳು ಸಾವಿರಾರು ಸಂಪರ್ಕಗಳುಳ್ಳ ಪಟ್ಟಣಗಳಿಗಾಗಿ ರಚಿತವಾದುವು; ಅವುಗಳಿಗೆ ಸದಾ ತಂಪಾಗಿರುವ ಕೊಠಡಿಯೂ ಬೇಕಾಗಿದ್ದಿತು. ಭಾರತದ ಹಳ್ಳಿಗಳ ಸ್ಥಿತಿಯಾದರೋ ಬೇರೆ. ಅಲ್ಲಿ ಸಂಪರ್ಕಗಳು ಕೆಲವು, ಒಂದೊಂದನ್ನೂ ಬಳಸುವವರು ಅನೇಕರು. ೧೯೮೪ರಲ್ಲಿ ಭಾರತ ಸರ್ಕಾರವು ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯವರು ಇದಕ್ಕನುಗುಣವಾಗಿ ೧೨೮ ಸಂಪರ್ಕಗಳ ಸಣ್ಣ ಎಕ್ಸ್‌ಚೇಂಜನ್ನು ನಿರ್ಮಿಸಿದರು. ಬಿಸಿಲಿನ ತಾಪವನ್ನೂ ಧೂಳನ್ನೂ ತಾಳಿಕೊಂಡು, ತಂಪುಗೊಳಿಸುವ ಯಂತ್ರದ ಸಹಾಯವಿಲ್ಲದೆಯೇ ಅದು ಕೆಲಸ ಮಾಡುತ್ತಿದ್ದಿತು. ಅದನ್ನು ಮೊಟ್ಟಮೊದಲು ಸ್ಥಾಪಿಸಿದುದು ೧೯೮೬ರ ಜುಲೈ ತಿಂಗಳಿನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ಸಂತೋಷಪಡತಕ್ಕ ಸಂಗತಿಯಾಗಿದೆ.

ಯಂತ್ರವು ಸಿದ್ಧವಾದ ಮಾತ್ರಕ್ಕೆ ಸೌಕರ್ಯವು ಲಭಿಸದು. ಕೆಲವೇ ಮನೆಗಳಿರುವ ದೂರದ ಹಳ್ಳಿಗೆ ತಂತಿಯನ್ನೆಳೆಯುವ ವೆಚ್ಚವು ಅಲ್ಲಿನ ವರಮಾನದಿಂದ ಹುಟ್ಟುವುದಿಲ್ಲ. ಲಾಭವನ್ನೇ ನೋಡುವ ಕಂಪೆನಿಯು ಅತ್ತ ಸುಳಿಯದು. ಈ ಕೊರತೆಯನ್ನು ತುಂಬುವುದಕ್ಕಾಗಿ ೨೦೦೨ರ ಏಪ್ರಿಲ್ ೧ರಂದು ಸಾರ್ವತ್ರಿಕ ಸೇವಾ ನಿಧಿಯು ಏರ್ಪಟ್ಟಿತು. ಟೆಲಿಫೋನು ಕಂಪೆನಿಗಳು ಲೆಕ್ಕಕ್ಕೆ ಬರುವ ತಮ್ಮ ಆದಾಯದಲ್ಲಿ ನೂರಕ್ಕೆ ೫ರಷ್ಟನ್ನು ಇದಕ್ಕಾಗಿ ಸಲ್ಲಿಸತಕ್ಕದ್ದೆಂದು ಗೊತ್ತುಮಾಡಲಾಯಿತು. ೨೦೨೩ರ ದೂರಸಂಪರ್ಕ ಕಾಯಿದೆಯು ಇದಕ್ಕೆ ಡಿಜಿಟಲ್ ಭಾರತ್ ನಿಧಿಯೆಂದು ಹೆಸರಿಟ್ಟಿತು. ಪಟ್ಟಣಿಗರು ಮಾತಿಗಾಗಿ ತೆತ್ತ ಹಣದಲ್ಲಿ ಒಂದು ಪಾಲು ಹಳ್ಳಿಗೆ ಸಲ್ಲುವುದೆಂದರ್ಥ. ಇದನ್ನು ದಾನವೆನ್ನಲಾಗದು. ಹಳ್ಳಿಯ ರೈತನಿಗೆ ಕರೆಯು ತಲಪುವಂತಾದರೆ ಪೇಟೆಯ ವರ್ತಕನ ಟೆಲಿಫೋನಿಗೂ ಪ್ರಯೋಜನವು ಹೆಚ್ಚುತ್ತದೆ.

ಊರಿಗೆಲ್ಲ ಒಂದೇ ಟೆಲಿಫೋನಿದ್ದ ಕಾಲದಲ್ಲಿ ಅದು ಯಾರ ಮನೆಯಲ್ಲಿದೆಯೆಂಬುದೇ ಮುಖ್ಯವಾಗಿದ್ದಿತು. ದೊಡ್ಡ ಮನೆಯ ನಡುಮನೆಯಲ್ಲಿಟ್ಟ ಉಪಕರಣದ ಬಳಿಗೆ ಕೂಲಿಯವನು ಹೇಗೆ ಹೋದಾನು? ಮೊಬೈಲು ಫೋನಿನಿಂದ ಆ ತೊಡಕು ಬಹುಮಟ್ಟಿಗೆ ಕಡಮೆಯಾಗಿದೆ; ಆದರೂ ಫೋನಿಲ್ಲದ ಮುದುಕರೂ ಹೆಂಗಸರೂ ಹಳ್ಳಿಗಳಲ್ಲಿದ್ದಾರೆ. ೨೦೦೪ರ ಜನವರಿ ೨೧ರಂದು ಆರಂಭವಾದ ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಸಂಖ್ಯೆಗೆ ಕರೆಮಾಡಿದರೆ ಬೇಸಾಯದ ಸಲಹೆಯು ಖರ್ಚಿಲ್ಲದೆ ಕನ್ನಡದಲ್ಲಿಯೇ ದೊರೆಯುತ್ತದೆ. ಊರಿನ ಮುಖಂಡರು ಈ ಸಂಖ್ಯೆಯನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಿ, ಹಿಡುವಳಿದಾರರು ತಮ್ಮ ಫೋನನ್ನು ಪ್ರತಿದಿನವೂ ಗೊತ್ತಾದ ಹೊತ್ತಿನಲ್ಲಿ ಇಂಥವರಿಗೆ ಒದಗಿಸುವಂತೆ ಏರ್ಪಾಡು ಮಾಡುವುದು ಯುಕ್ತವಾಗಿದೆ.