ಪದವಿ ಓದುತ್ತಲೇ ಸೇನಾಧಿಕಾರಿಯಾಗಲು ತಯಾರಿ

ಸೇನೆ ಸೇರುತ್ತೇನೆ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಭರ್ತಿ ರ‍್ಯಾಲಿ. ಪದವೀಧರರು ನೇರವಾಗಿ ಅಧಿಕಾರಿಯಾಗಿಯೇ ಸೇರಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಾಗುವಷ್ಟರಲ್ಲಿ ಮಗನದೋ ಮಗಳದೋ ಡಿಗ್ರಿ ಮುಗಿದಿರುತ್ತದೆ. ತಯಾರಿ ಶುರುವಾಗಬೇಕಾದದ್ದು ಕಾಲೇಜಿಗೆ ಸೇರಿದ ತಿಂಗಳಲ್ಲೇ.

1. ಮೊದಲ ವರ್ಷವೇ ಎನ್‌ಸಿಸಿ ಸೇರಿ
ಪ್ರವೇಶ ಮುಗಿದೊಡನೆ ಕಾಲೇಜಿನ ಎನ್‌ಸಿಸಿ ಅಧಿಕಾರಿಯನ್ನು ಕಂಡು, ಆಯ್ಕೆ ಯಾವಾಗ ಎಂದು ವಿಚಾರಿಸಿ. ಹುಡುಗರಿಗೆ ಸೀನಿಯರ್ ಡಿವಿಜನ್, ಹುಡುಗಿಯರಿಗೆ ಸೀನಿಯರ್ ವಿಂಗ್. ಎರಡನೇ ವರ್ಷದಲ್ಲಿ ‘ಬಿ’, ಮೂರನೇ ವರ್ಷದಲ್ಲಿ ‘ಸಿ’ ಪ್ರಮಾಣಪತ್ರದ ಪರೀಕ್ಷೆ ಬರುವುದರಿಂದ, ತಡವಾಗಿ ಸೇರಿದವರಿಗೆ ‘ಸಿ’ ಕೈತಪ್ಪುವ ಸಂಭವ ಹೆಚ್ಚು.

2. ಪರೇಡ್, ಕ್ಯಾಂಪ್ ತಪ್ಪಿಸಬೇಡಿ
ಪರೀಕ್ಷೆಗೆ ಕೂರಲು ಪರೇಡ್‌ಗಳಲ್ಲಿ ಶೇ 75 ಹಾಜರಾತಿ ಬೇಕು, ಕ್ಯಾಂಪ್‌ಗಳೂ ಕಡ್ಡಾಯ. ಸೆಮಿಸ್ಟರ್ ಪರೀಕ್ಷೆ ಮತ್ತು ಕ್ಯಾಂಪ್ ಒಂದೇ ವಾರ ಬಂದರೆ ಮೊದಲೇ ಎನ್‌ಸಿಸಿ ಅಧಿಕಾರಿಗೂ ಪಾಠ ಮಾಡುವ ಅಧ್ಯಾಪಕರಿಗೂ ತಿಳಿಸಿ. ಡ್ರಿಲ್, ನಕ್ಷೆ ಓದುವಿಕೆ, ರೈಫಲ್ ತರಬೇತಿ ಜೊತೆಗೆ ಹತ್ತಾರು ಅಪರಿಚಿತರನ್ನು ಸೇರಿಸಿಕೊಂಡು ಕೆಲಸ ಮಾಡಿಸುವುದನ್ನೂ ಕ್ಯಾಂಪ್ ಕಲಿಸುತ್ತದೆ.

3. ಅಂಕ, ಮೈಕಟ್ಟು, ಮಾತು
ಪದವಿಯಲ್ಲಿ ಶೇ 50ಕ್ಕಿಂತ ಕೆಳಗಿಳಿಯಬೇಡಿ. ವಾರಕ್ಕೆ ನಾಲ್ಕು ದಿನವಾದರೂ 2.4 ಕಿ.ಮೀ. ಓಡಿ, ಸಮಯ ಬರೆದಿಡಿ. ದಿನಪತ್ರಿಕೆಯ ಒಂದು ಸುದ್ದಿಯ ಬಗ್ಗೆ ಗೆಳೆಯರೆದುರು ಮೂರು ನಿಮಿಷ ಇಂಗ್ಲಿಷ್‌ನಲ್ಲಿ ಮಾತನಾಡಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಂಜಬೇಕಿಲ್ಲ. ಸರಳ ವಾಕ್ಯ, ಸ್ಪಷ್ಟ ವಿಚಾರ ಸಾಕು.

4. ಅಂತಿಮ ವರ್ಷ: ಎರಡೂ ಬಾಗಿಲು ತಟ್ಟಿ
ಮೊದಲನೆಯದು ಸೇನೆಯ ‘ಎನ್‌ಸಿಸಿ ಸ್ಪೆಷಲ್ ಎಂಟ್ರಿ’. ಇದಕ್ಕೆ ಲಿಖಿತ ಪರೀಕ್ಷೆಯೇ ಇಲ್ಲ. 19ರಿಂದ 25 ವರ್ಷದ ಅವಿವಾಹಿತ ಯುವಕ ಯುವತಿಯರು, ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಗ್ರೇಡ್ ಇದ್ದರೆ ಅರ್ಜಿ ಹಾಕಬಹುದು. ಎರಡನೆಯದು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಸಿಡಿಎಸ್ ಪರೀಕ್ಷೆ. ಇದಕ್ಕೆ ಎನ್‌ಸಿಸಿ ಬೇಕೇಬೇಕೆಂದಿಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಎಂಬ ಮೂರು ಪತ್ರಿಕೆಗಳಲ್ಲಿ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಸೇರಬಯಸುವವರಿಗೆ ಗಣಿತ ಇರುವುದಿಲ್ಲ. ಅಂತಿಮ ವರ್ಷದವರು ಎರಡಕ್ಕೂ ಅರ್ಹರು. ವಯಸ್ಸಿನ ಲೆಕ್ಕದ ದಿನಾಂಕವನ್ನು ಆಯಾ ಅಧಿಸೂಚನೆಯಲ್ಲೇ ನೋಡಿ.

5. ಎಸ್‌ಎಸ್‌ಬಿ: ಐದು ದಿನಗಳ ಪರೀಕ್ಷೆ
ಯಾವ ಬಾಗಿಲಿನಿಂದ ಹೋದರೂ ಸೇವಾ ಆಯ್ಕೆ ಮಂಡಳಿಯನ್ನು ದಾಟಲೇಬೇಕು. ಸೇನೆಯ ಇಂಥ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಮೊದಲ ದಿನ ಮಸುಕಾದ ಚಿತ್ರವೊಂದನ್ನು 30 ಸೆಕೆಂಡ್ ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಕಥೆ ಬರೆದು, ಗುಂಪಿನೆದುರು ಹೇಳಿ, ಎಲ್ಲರೂ ಸೇರಿ ಒಂದೇ ಕಥೆಗೆ ಬರಬೇಕು. ಇಲ್ಲಿ ಗಂಟಲು ದೊಡ್ಡದು ಮಾಡಿದರೆ ಗೆದ್ದಂತಲ್ಲ. ಮುಂದಿನ ದಿನಗಳಲ್ಲಿ ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ಮೈದಾನದ ಕೆಲಸಗಳು. ಹಲಗೆ, ಮರದ ದಿಮ್ಮಿ, ಹಗ್ಗ ಬಳಸಿ ಇಡೀ ಗುಂಪು ಒಂದಿಷ್ಟು ಜಾಗ ದಾಟಬೇಕು. ಕೆಂಪು ಬಳಿದ ಭಾಗ ಯಾರೂ ಮುಟ್ಟುವಂತಿಲ್ಲ. ಉಪಾಯ ಹೇಳಿದವರಷ್ಟೇ, ಬೇರೆಯವರ ಉಪಾಯ ಒಳ್ಳೆಯದೆಂದು ಒಪ್ಪಿ ಹಲಗೆ ಹಿಡಿದವರೂ ಪರೀಕ್ಷಕರ ಕಣ್ಣಿಗೆ ಬೀಳುತ್ತಾರೆ. ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದ ಉತ್ತರ ಐದು ದಿನ ನಿಲ್ಲುವುದಿಲ್ಲ. ಮೂರು ವರ್ಷದ ಅಭ್ಯಾಸ ನಿಲ್ಲುತ್ತದೆ.

6. ಆಯ್ಕೆಯ ನಂತರ
ವೈದ್ಯಕೀಯ ಪರೀಕ್ಷೆ, ಮೆರಿಟ್ ಪಟ್ಟಿ ದಾಟಿದ ಎನ್‌ಸಿಸಿ ಅಭ್ಯರ್ಥಿಗಳಿಗೆ ಚೆನ್ನೈನಲ್ಲಿ 49 ವಾರಗಳ ತರಬೇತಿ. ಅದರ ಖರ್ಚು ಸರ್ಕಾರದ್ದು. ತಿಂಗಳಿಗೆ ₹56,100 ಸ್ಟೈಪೆಂಡ್ ಕೂಡ ಇದೆ. ತರಬೇತಿ ಮುಗಿಸಿದವರು ಲೆಫ್ಟಿನೆಂಟ್ ಆಗುತ್ತಾರೆ. ಈ ದಾರಿಯಲ್ಲಿ ಸಿಗುವ ಅಲ್ಪಾವಧಿ ಸೇವೆ 10 ವರ್ಷ, ಅದನ್ನು 14ಕ್ಕೆ ವಿಸ್ತರಿಸಬಹುದು.

ಮೊದಲ ಪ್ರಯತ್ನದಲ್ಲಿ ಆಯ್ಕೆಯಾಗದಿದ್ದರೆ ಎದೆಗುಂದಬೇಡಿ. ವಯೋಮಿತಿಯೊಳಗೆ ಮತ್ತೆ ಪ್ರಯತ್ನಿಸಬಹುದು. ‘ಸೀಟು ಕೊಡಿಸುತ್ತೇವೆ’ ಎನ್ನುವ ದಲ್ಲಾಳಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪೋಷಕರಲ್ಲಿ ಒಂದು ವಿನಂತಿ: ಬೆಳಗಿನ ಪರೇಡ್‌ಗೆ ಹೊರಟ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಓದು ಹಾಳಾಗುತ್ತದೆಂದು ತಡೆಯಬೇಡಿ. ಅವರ ಪಾಲಿಗೆ ಅದೂ ಓದೇ.